ಗಾಡಿ ರಿಪೇರಿ: ಕಿಲೋಮೀಟರಿಗೆ ಒಂದು ರೂಪಾಯಿ, ಕೈಯಲ್ಲೊಂದು ಸ್ಪ್ಯಾನರ್, ಜೊತೆಗೊಂದಿಷ್ಟು ಹಕ್ಕು

ಮನೆ ಬಜೆಟ್ ಹಾಕುವವರು ಬಾಡಿಗೆ, ರೇಷನ್, ಹಾಲು, ಕರೆಂಟು, ಪೆಟ್ರೋಲು, ಫೋನ್ ರೀಚಾರ್ಜು ಎಲ್ಲವನ್ನೂ ಬರೆಯುತ್ತಾರೆ. 'ಗಾಡಿ ರಿಪೇರಿ' ಅಂತ ಒಂದು ಸಾಲು ಬರೆಯುವವರು ಕಮ್ಮಿ. ಅದು ಕೆಟ್ಟಾಗ ನೋಡ್ಕೊಳ್ಳೋಣ ಅನ್ನುವ ಬಾಬತ್ತು. ಗಾಡಿ ಕೆಡುತ್ತದೆ, ಅದೂ ತಿಂಗಳ ಇಪ್ಪತ್ತನೇ ತಾರೀಕು ದಾಟಿದ ಮೇಲೆ. ಆಗ ಗೆಳೆಯರಿಗೊಂದು ಫೋನು, ಇಲ್ಲವೇ ಕ್ರೆಡಿಟ್ ಕಾರ್ಡು, ಇಲ್ಲವೇ ಲೋನ್ ಆ್ಯಪು, ಕೊನೆಗೆ ಬಡ್ಡಿಯವನು.

ನಾನು ಹೇಳಹೊರಟಿರುವುದು ಇಷ್ಟು: ನಾವು 'ಅನಿರೀಕ್ಷಿತ' ಅನ್ನುವ ರಿಪೇರಿಗಳಲ್ಲಿ ಬಹುಪಾಲು ಅನಿರೀಕ್ಷಿತವೇ ಅಲ್ಲ. ಟೈರ್ ಸವೆಯುತ್ತದೆ, ಚೈನ್ ಹಿಗ್ಗುತ್ತದೆ, ಬ್ಯಾಟರಿ ಸಾಯುತ್ತದೆ. ಇವೆಲ್ಲ ಓಡಿಸಿದ ಪ್ರತಿ ಕಿಲೋಮೀಟರಿಗೂ ನಾವು ಗಾಡಿಗೆ ಮಾಡುತ್ತಿರುವ ಸಾಲ. ತೀರಿಸಬೇಕಾದ ತಾರೀಕು ಮಾತ್ರ ಗೊತ್ತಿಲ್ಲ. ಈ ಸಾಲದ ಒಂದು ಭಾಗವನ್ನು ಉಳಿತಾಯದಿಂದ, ಇನ್ನೊಂದು ಭಾಗವನ್ನು ನಮ್ಮ ಕೈಯಿಂದಲೇ ತೀರಿಸಬಹುದು. ಮೂರನೆಯ ಭಾಗ ಮಾತ್ರ ವೈಯಕ್ತಿಕ ಶಿಸ್ತಿನಿಂದ ತೀರುವುದಿಲ್ಲ, ಅದಕ್ಕೆ ರಾಜಕೀಯ ಬೇಕು. ಮೂರನ್ನೂ ಒಂದೊಂದಾಗಿ ನೋಡೋಣ. ಇಲ್ಲಿನ ಲೆಕ್ಕವೆಲ್ಲ 100ರಿಂದ 125 ಸಿಸಿಯ ಸಾಮಾನ್ಯ ಬೈಕಿನದು, ಯಾಕೆಂದರೆ ಹೆಚ್ಚಿನವರು ಓಡಿಸುವುದು ಅದನ್ನೇ.

ಒಂದು ಕಿಲೋಮೀಟರಿನ ನಿಜವಾದ ಬೆಲೆ

ಕೆಳಗಿನ ಅಂಕಿಗಳು ಬೆಂಗಳೂರಿನಲ್ಲಿ ನನ್ನ ಬಿಲ್ಲುಗಳನ್ನು ಮತ್ತು ಬಿಡಿಭಾಗದ ಅಂಗಡಿಗಳ ದರವನ್ನು ನೋಡಿ ಹಾಕಿದ ಅಂದಾಜು. ನಿಮ್ಮ ಊರು, ನಿಮ್ಮ ಗಾಡಿಗೆ ತಕ್ಕಂತೆ ಬದಲಿಸಿಕೊಳ್ಳಿ. ಲೆಕ್ಕ ಹಾಕುವ ವಿಧಾನ ಮುಖ್ಯ: ಬೆಲೆಯನ್ನು ಬಾಳಿಕೆಯಿಂದ ಭಾಗಿಸುವುದು.

- ಎಂಜಿನ್ ಆಯಿಲ್: 400 ರೂಪಾಯಿ, 4,000 ಕಿ.ಮೀ. — ಕಿಲೋಮೀಟರಿಗೆ 10 ಪೈಸೆ
- ಹಿಂದಿನ ಟೈರ್: 2,000 ರೂಪಾಯಿ, 25,000 ಕಿ.ಮೀ. — 8 ಪೈಸೆ
- ಮುಂದಿನ ಟೈರ್: 1,600 ರೂಪಾಯಿ, 32,000 ಕಿ.ಮೀ. — 5 ಪೈಸೆ
- ಚೈನ್ ಮತ್ತು ಸ್ಪ್ರಾಕೆಟ್ ಸೆಟ್: 1,400 ರೂಪಾಯಿ, 20,000 ಕಿ.ಮೀ. — 7 ಪೈಸೆ
- ಬ್ರೇಕ್ ಶೂ, ಎರಡೂ ಚಕ್ರಕ್ಕೆ: 450 ರೂಪಾಯಿ, 15,000 ಕಿ.ಮೀ. — 3 ಪೈಸೆ
- ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್: 480 ರೂಪಾಯಿ, 12,000 ಕಿ.ಮೀ. — 4 ಪೈಸೆ
- ಕ್ಲಚ್ ಪ್ಲೇಟ್: 1,600 ರೂಪಾಯಿ, 40,000 ಕಿ.ಮೀ. — 4 ಪೈಸೆ
- ಬ್ಯಾಟರಿ, ಕೇಬಲ್, ಬಲ್ಬು: 2,100 ರೂಪಾಯಿ, 30,000 ಕಿ.ಮೀ. — 7 ಪೈಸೆ

ಒಟ್ಟು 48 ಪೈಸೆ. ಇದಕ್ಕೆ ಗ್ಯಾರೇಜಿನ ಕೂಲಿ ಸುಮಾರು 20 ಪೈಸೆ ಸೇರಿಸಿ: 68 ಪೈಸೆ. ಒಂದು ರೂಪಾಯಿಗೆ ಇನ್ನೂ 32 ಪೈಸೆ ಉಳಿಯಿತಲ್ಲ, ಅದು ನಿಜವಾದ ಅನಿರೀಕ್ಷಿತಕ್ಕೆ. ಫ್ಯೂಯಲ್ ಪಂಪ್, ಸೆನ್ಸರ್, ವೈರಿಂಗ್, ಚಕ್ರದ ಬೇರಿಂಗ್, ಯಾರೋ ಹಿಂದಿನಿಂದ ಗುದ್ದಿ ಒಡೆದ ಟೇಲ್ ಲ್ಯಾಂಪ್ ಎಲ್ಲ ಇದರಲ್ಲಿ ಬರಬೇಕು. ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಈ ಭಾಗವೊಂದೇ 3,200 ರೂಪಾಯಿ ಆಗುತ್ತದೆ.

ಅಂದರೆ ರಿಪೇರಿ ಖರ್ಚಿನ ಮೂರನೇ ಎರಡು ಭಾಗ ಮೊದಲೇ ಗೊತ್ತಿರುವಂಥದ್ದು. ನಮ್ಮನ್ನು ಕೆಡವುವುದು ಉಳಿದ ಒಂದು ಭಾಗ ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಕೆಡವುವುದು ಗೊತ್ತಿದ್ದ ಆ ಎರಡು ಭಾಗವೇ.

ಲೀಟರಿಗೆ ಐವತ್ತು

ಕಿಲೋಮೀಟರ್ ಲೆಕ್ಕ ಯಾರಿಗೂ ನೆನಪಿರುವುದಿಲ್ಲ. ಪೆಟ್ರೋಲ್ ಹಾಕಿಸಿದ್ದು ನೆನಪಿರುತ್ತದೆ. ಇಂಥ ಗಾಡಿ ಲೀಟರಿಗೆ ಸುಮಾರು 50 ಕಿ.ಮೀ. ಕೊಡುತ್ತದೆ ಅಂದುಕೊಂಡರೆ, ಹಾಕಿಸಿದ ಪ್ರತಿ ಲೀಟರಿಗೂ 50 ರೂಪಾಯಿ ಎತ್ತಿಡಬೇಕು. ಬಂಕಿನಲ್ಲಿ ಯುಪಿಐ ಮಾಡಲು ಫೋನ್ ಹೇಗೂ ಕೈಯಲ್ಲಿರುತ್ತದೆ. ಅಲ್ಲೇ ನಿಂತು ಇನ್ನೊಂದು ಖಾತೆಗೆ ಆ ದುಡ್ಡು ಕಳಿಸಿಬಿಡಿ. ತಿಂಗಳಿಗೆ 800 ಕಿ.ಮೀ. ಓಡಿಸುವವರಿಗೆ 800 ರೂಪಾಯಿ ಬೇರೆಯಾಗಿ ಕೂರುತ್ತದೆ.

ಆ ದುಡ್ಡು ಸಂಬಳ ಬರುವ ಖಾತೆಯಲ್ಲಿ ಇರಬಾರದು, ಅಷ್ಟೇ ನಿಯಮ. ಅಂಚೆ ಕಚೇರಿ ಉಳಿತಾಯ ಖಾತೆಯನ್ನು 500 ರೂಪಾಯಿಗೆ ತೆರೆಯಬಹುದು, ಬೇಕಾದಾಗ ತೆಗೆಯಬಹುದು. ಚೀಟಿ ಹಾಕುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ದಾರಿ, ಆದರೆ ರಿಪೇರಿಗೆ ಅದು ಹೊಂದುವುದಿಲ್ಲ. ಗಾಡಿ ಕೆಟ್ಟ ದಿನವೇ ಚೀಟಿ ಎತ್ತುವ ದಿನ ಬರುವುದಿಲ್ಲ, ತುರ್ತಿಗೆ ಎತ್ತಿದರೆ ತಳ್ಳಿಕೊಡಬೇಕಾದ ಮೊತ್ತವೂ ಜಾಸ್ತಿ.

ಮೊದಲ ಗುರಿ 3,000 ರೂಪಾಯಿ: ಒಂದು ಟೈರ್ ಮತ್ತು ಒಂದು ಸಣ್ಣ ರಿಪೇರಿ. ಎರಡನೆಯದು 8,000: ಎಂಜಿನ್ ಕೆಲಸವಲ್ಲದ ಯಾವುದೇ ದೊಡ್ಡ ಪೆಟ್ಟನ್ನು ತಡೆದುಕೊಳ್ಳುವಷ್ಟು. ಗಾಡಿ ಓಡಿದರೆ ಮಾತ್ರ ದುಡಿಮೆ ಇರುವವರಿಗೆ ಮೂರನೆಯದೂ ಇದೆ: ಗಾಡಿ ಗ್ಯಾರೇಜಿನಲ್ಲಿ ಕೂತ ಮೂರು ದಿನದ ಮನೆ ಖರ್ಚು.

ಈ ದುಡ್ಡು ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. 'ನೂರಕ್ಕೆ ಐದು' ಅಂದರೆ ತಿಂಗಳಿಗೆ ನೂರು ರೂಪಾಯಿಗೆ ಐದು ರೂಪಾಯಿ ಬಡ್ಡಿ, ವರ್ಷಕ್ಕೆ ಶೇ 60. ಮೀಟರ್ ಬಡ್ಡಿ ಇದಕ್ಕಿಂತ ಎಷ್ಟೋ ಮೇಲೆ. ವಿಪರೀತ ಬಡ್ಡಿ ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 2004ರಿಂದ ಇದೆ. ಕಿರುಸಾಲದ ವಸೂಲಿಯಲ್ಲಿ ಕಿರುಕುಳ ಕೊಡುವುದರ ವಿರುದ್ಧ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯೂ ಬಂತು. ಆ್ಯಪಿನಿಂದ ಸಾಲ ತೆಗೆಯಲೇಬೇಕಾದರೆ ರಿಸರ್ವ್ ಬ್ಯಾಂಕಿನ ನಿಯಮ ನೆನಪಿಡಿ: ಒಪ್ಪಂದಕ್ಕೆ ಮೊದಲು ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶ ಪತ್ರವನ್ನು ಕೊಡಬೇಕು. ಅದನ್ನು ತೋರಿಸದ ಆ್ಯಪನ್ನು ಅಲ್ಲೇ ಡಿಲೀಟ್ ಮಾಡಿ.

ವಿಮೆ ಇದೆಯಲ್ಲ ಅನ್ನುವವರಿಗೆ

ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ನಿಮ್ಮ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಅದು, ನಿಮ್ಮ ಗಾಡಿಯ ರಿಪೇರಿಗೆ ಒಂದು ಪೈಸೆಯೂ ಇಲ್ಲ. ಹೆಚ್ಚು ಪ್ರೀಮಿಯಂ ಕಟ್ಟಿ ಸ್ವಂತ ಹಾನಿಯ ವಿಮೆ ಮಾಡಿಸಿದ್ದರೂ ಅಪಘಾತ, ಕಳವು, ಬೆಂಕಿ, ನೆರೆಯಂಥವು ಮಾತ್ರ ಅದರಲ್ಲಿ ಬರುತ್ತವೆ. ಸವೆತ ಮತ್ತು ತಾನಾಗಿ ಕೆಡುವ ಯಾಂತ್ರಿಕ ದೋಷ ಬರುವುದಿಲ್ಲ.

ಮಳೆಗಾಲದಲ್ಲಿ ನೆನಪಿಡಬೇಕಾದ್ದು ಒಂದಿದೆ. ಅಂಡರ್‌ಪಾಸಿನ ನೀರಿನಲ್ಲಿ ಗಾಡಿ ನಿಂತರೆ ಸೆಲ್ಫ್ ಒತ್ತಬೇಡಿ, ಕಿಕ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಥ ಹಾನಿಯನ್ನು ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ತಳ್ಳಿಕೊಂಡು ಹೋಗುವುದು ಅವಮಾನ ಅಲ್ಲ, ಸಾವಿರಾರು ರೂಪಾಯಿ ಉಳಿತಾಯ.

ಕೆಟ್ಟಾಗ ಮೊದಲು ಕೇಳಬೇಕಾದ ಪ್ರಶ್ನೆ

ಎಲ್ಲ ರಿಪೇರಿಯೂ ಇವತ್ತೇ ಆಗಬೇಕಿಲ್ಲ. ಮೂರು ಗುಂಪು ಮಾಡಿಕೊಳ್ಳಿ.

ಇವತ್ತೇ, ಗಾಡಿ ಎತ್ತುವ ಮೊದಲೇ: ಬ್ರೇಕ್, ಟೈರಿನ ಬದಿಯ ಸೀಳು ಅಥವಾ ಉಬ್ಬು, ಹ್ಯಾಂಡಲ್ ಅಲುಗಾಟ, ಹೆಡ್‌ಲೈಟ್, ಪೆಟ್ರೋಲ್ ಸೋರಿಕೆ. ದುಡ್ಡಿಲ್ಲದಿದ್ದರೆ ಆ ದಿನ ಬಸ್ಸು.

ಈ ವಾರ: ಸಡಿಲ ಚೈನ್, ಆಯಿಲ್ ಜಿನುಗುವುದು, ನಿಧಾನವಾಗಿ ಎಳೆಯುವ ಸೆಲ್ಫ್, ಜಾರುವ ಕ್ಲಚ್, ಉರಿಯುತ್ತಲೇ ಇರುವ ಎಂಜಿನ್ ದೀಪ. ಇವು ಇವತ್ತು ಸಣ್ಣ ಖರ್ಚು, ಬಿಟ್ಟರೆ ದೊಡ್ಡ ಖರ್ಚು.

ದುಡ್ಡಾದಾಗ: ಸೀಟ್ ಹರಿದದ್ದು, ಬಣ್ಣ, ಮಡ್‌ಗಾರ್ಡ್ ಬಿರುಕು, ಪೆಟ್ರೋಲ್ ಮುಳ್ಳು ಸರಿಯಿಲ್ಲದ್ದು. ಗ್ಯಾರೇಜಿನವರು 'ಹೇಗೂ ಬಿಚ್ಚಿದೀವಲ್ಲ ಸಾರ್' ಅಂದಾಗ ಸೇರಿಕೊಳ್ಳುವುದು ಸಾಮಾನ್ಯವಾಗಿ ಈ ಮೂರನೇ ಗುಂಪು.

ಕೈಯಾರೆ ಮಾಡಬಹುದಾದ್ದು

ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದವರೂ ಚೈನ್ ಬಿಗಿ ಮಾಡಲು ಗ್ಯಾರೇಜಿಗೆ ಹೋಗುತ್ತಾರೆ. ಕಾಲೇಜಿನಲ್ಲಿ ನಮಗೆ ಆಟೋ ಸೈಕಲ್ಲಿನ ದಕ್ಷತೆಯ ಸೂತ್ರ ಕಲಿಸಿದರು, ಸ್ಪ್ಯಾನರ್ ಕೊಡಲಿಲ್ಲ. ಹತ್ತನೇ ಕ್ಲಾಸು ಬಿಟ್ಟು ಗ್ಯಾರೇಜ್ ಸೇರಿದ ಹುಡುಗ ಕಿವಿಯಲ್ಲೇ ಟ್ಯಾಪೆಟ್ ಶಬ್ದ ಗುರುತಿಸುತ್ತಾನೆ. ಅವನ ಪರಿಣತಿ ನಮಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕೆಳಗಿನಷ್ಟು ಬಂದರೆ ಸಾಕು.

ಸಾಮಾನು: 8, 10, 12, 14, 17 ನಂಬರಿನ ಸ್ಪ್ಯಾನರ್, ಹಿಂದಿನ ಆ್ಯಕ್ಸಲ್ ನಟ್ಟಿಗೆ ಹೊಂದುವ ಇನ್ನೊಂದು, ಸ್ಕ್ರೂಡ್ರೈವರ್, ಅಲೆನ್ ಕೀ, ಪ್ಲಗ್ ಸ್ಪ್ಯಾನರ್, ಗಾಳಿ ಅಳೆಯುವ ಗೇಜ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಕಾಲಿನಿಂದ ಒತ್ತುವ ಪಂಪು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ ಸುಮಾರು 2,000 ರೂಪಾಯಿಗೆ ಇಷ್ಟೂ ಸಿಗುತ್ತದೆ. ನಾಲ್ಕು ಗೆಳೆಯರು ಸೇರಿ ಕೊಂಡರೆ ತಲಾ 500.

ಟೈರು: ವಾರಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಎಷ್ಟಿರಬೇಕು ಅನ್ನುವುದು ಗಾಡಿಯ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇದೆ. ಟೈರಿನ ಬದಿಯಲ್ಲಿ 'ಟಿಡಬ್ಲ್ಯುಐ' ಅಥವಾ ತ್ರಿಕೋನದ ಗುರುತಿರುತ್ತದೆ. ಅದರ ನೇರಕ್ಕೆ ಪಟ್ಟಿಯ ಒಳಗಿರುವ ಉಬ್ಬಿನ ಮಟ್ಟಕ್ಕೆ ಸವೆದರೆ ಟೈರಿನ ಆಯಸ್ಸು ಮುಗಿಯಿತು. ಟ್ಯೂಬ್‌ಲೆಸ್ ಟೈರಿನ ಪಟ್ಟಿಗೆ ಮೊಳೆ ಚುಚ್ಚಿದ್ದರೆ ಕಿಟ್ಟಿನಿಂದ ನೀವೇ ಮುಚ್ಚಬಹುದು. ಬದಿಯಲ್ಲಿ ತೂತಾಗಿದ್ದರೆ ಮುಚ್ಚಬಾರದು.

ಚೈನು: 500–700 ಕಿ.ಮೀ.ಗೊಮ್ಮೆ ಒರೆಸಿ ಲ್ಯೂಬ್ ಹಾಕಿ. ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಎಂಜಿನ್ ಚಾಲೂ ಮಾಡಿ ಗೇರಿನಲ್ಲಿಟ್ಟು ಚೈನ್ ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ. ಚೈನಿನ ನಡುವೆ ಮೇಲೆ ಕೆಳಗೆ ಆಡಿಸಿದಾಗ ಸಾಮಾನ್ಯವಾಗಿ 20–30 ಮಿ.ಮೀ. ಆಟ ಇರಬೇಕು. ಬಿಗಿ ಮಾಡುವಾಗ ಎರಡೂ ಬದಿಯ ಗುರುತು ಒಂದೇ ಗೆರೆಗೆ ಬರಬೇಕು, ಇಲ್ಲವಾದರೆ ಚಕ್ರ ಸೊಟ್ಟ ಕೂರುತ್ತದೆ. ಕೊನೆಗೆ ಆ್ಯಕ್ಸಲ್ ನಟ್ ಬಿಗಿಯಾಗಿದೆಯೇ ಅಂತ ಎರಡು ಸಲ ನೋಡಿ.

ಪ್ಲಗ್ಗು, ಫಿಲ್ಟರು: ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು. ಆಯಿಲ್ ಜಿಡ್ಡಿದ್ದರೆ ಮೆಕ್ಯಾನಿಕ್ ನೋಡಬೇಕು. ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಅಲ್ಯೂಮಿನಿಯಂ ಹೆಡ್ಡಿನ ಮರೆ ಕಿತ್ತುಹೋದರೆ 100 ರೂಪಾಯಿ ಉಳಿಸಲು ಹೋಗಿ ಸಾವಿರಾರು ತೆತ್ತ ಹಾಗಾಗುತ್ತದೆ. ಸ್ಪಂಜಿನ ಫಿಲ್ಟರ್ ತೊಳೆಯಬಹುದು, ಎಣ್ಣೆ ಲೇಪದ ಕಾಗದದ ಫಿಲ್ಟರ್ ತೊಳೆಯುವಂತಿಲ್ಲ, ಬದಲಿಸಬೇಕು.

ಬ್ಯಾಟರಿ, ಫ್ಯೂಸು: ಸೆಲ್ಫ್ ಎತ್ತದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ಸಡಿಲವಿದೆಯೇ, ಬಿಳಿ ಪುಡಿ ಕಟ್ಟಿದೆಯೇ ನೋಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದು ಕೊನೆಗೆ. ಫ್ಯೂಸ್ ಹೋದರೆ ಅಷ್ಟೇ ಆಂಪಿಯರಿನದನ್ನೇ ಹಾಕಿ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿದರೆ ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರಿಂಗು.

ಎಂಜಿನ್ ಆಯಿಲ್: ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ ಕೊಳ್ಳಿ. ಎರಡು ಮೂರು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಕೆಳಗಿನ ಬೋಲ್ಟ್ ಬಿಚ್ಚಿ ಹಳೆಯದನ್ನು ಇಳಿಸಿ. ವಾಷರ್ ಹೊಸದು ಹಾಕಿ. ಹಳೇ ಆಯಿಲನ್ನು ಮೋರಿಗೆ ಸುರಿಯಬೇಡಿ, ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅವರು ಅದನ್ನು ಒಟ್ಟುಮಾಡಿ ಮಾರುತ್ತಾರೆ.

ಕೈ ಹಾಕಬಾರದ್ದು: ಡಿಸ್ಕ್ ಬ್ರೇಕಿನ ಹೈಡ್ರಾಲಿಕ್ಸ್, ಎಬಿಎಸ್, ಮುಂದಿನ ಫೋರ್ಕ್, ಎಂಜಿನ್ ಒಳಗಿನ ಕೆಲಸ, ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಪ್ಯಾಕ್. ವಾರಂಟಿ ಇರುವಷ್ಟು ಕಾಲ ಕಂಪನಿ ಹೇಳಿದ ಸರ್ವಿಸ್‌ಗಳನ್ನು ತಪ್ಪಿಸಬೇಡಿ, ವೈರ್ ಕತ್ತರಿಸಿ ಎಕ್ಸ್‌ಟ್ರಾ ಲೈಟು, ಹಾರ್ನು ಹಾಕಿಸಬೇಡಿ. ವಾರಂಟಿ ನಿರಾಕರಿಸಲು ಕಂಪನಿಗೆ ಅಷ್ಟು ನೆಪ ಸಾಕು.

ಇದೆಲ್ಲಕ್ಕೂ ನಮ್ಮಲ್ಲಿ ವರ್ಷಕ್ಕೊಂದು ದಿನ ಮೊದಲೇ ನಿಗದಿಯಾಗಿದೆ. ಆಯುಧಪೂಜೆಗೆ ಗಾಡಿ ತೊಳೆದು, ಹೂ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವಲ್ಲ, ತೊಳೆದ ಗಾಡಿಯಲ್ಲೇ ಬಿರುಕು, ಸೋರಿಕೆ, ಸವೆತ ಚೆನ್ನಾಗಿ ಕಾಣುವುದು. ಪೂಜೆಗೆ ಮೊದಲು ಅರ್ಧ ಗಂಟೆ ಈ ಪಟ್ಟಿ ಹಿಡಿದು ಕೂತರೆ ವರ್ಷದ ಅರ್ಧ 'ಅನಿರೀಕ್ಷಿತ' ಅವತ್ತೇ ಸಿಕ್ಕಿಬೀಳುತ್ತದೆ.

ಗ್ಯಾರೇಜಿಗೆ ಹೋದಾಗ

ಅಂದಾಜು ಮೊತ್ತವನ್ನು ಬರೆಸಿಕೊಳ್ಳಿ, ವಾಟ್ಸಾಪ್ ಮೆಸೇಜಾದರೂ ಸರಿ. ಹೆಚ್ಚಾಗುವುದಾದರೆ ಕೇಳಿಯೇ ಮಾಡಬೇಕು ಅಂತ ಮೊದಲೇ ಹೇಳಿ. ಬದಲಿಸಿದ ಹಳೇ ಪಾರ್ಟನ್ನು ವಾಪಸ್ ಕೇಳಿ. ಬಿಲ್ ಕೇಳಿ. ಬೀದಿ ಬದಿಯ ಮೆಕ್ಯಾನಿಕ್ ಜೊತೆ ಇದು ಸಂಬಂಧದ ಮೇಲೆ ನಡೆಯುತ್ತದೆ, ಅಲ್ಲಿ ಚೌಕಾಸಿಗಿಂತ ವಿಶ್ವಾಸ ದೊಡ್ಡದು. ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಕಾಗದವೇ ವಿಶ್ವಾಸ.

ಮಾಡದ ಕೆಲಸಕ್ಕೆ ಬಿಲ್ ಹಾಕಿದರೆ, ಹಳೇ ಪಾರ್ಟನ್ನೇ ಹೊಸದೆಂದು ಹಾಕಿದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕು ಅಂತಲೂ ಇಲ್ಲ.

ಉಳಿತಾಯ, ಸ್ಪ್ಯಾನರ್ ಎರಡೂ ಸೋಲುವ ಜಾಗ

ಇಲ್ಲಿಯವರೆಗಿನದು ನಮ್ಮ ಕೈಯಲ್ಲಿದ್ದದ್ದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಹೊಗೆ ಕಮ್ಮಿಯಾಯಿತು, ಅದು ಒಳ್ಳೆಯದೇ. ಆದರೆ ಸ್ಕ್ರೂಡ್ರೈವರಿನಲ್ಲಿ ಸರಿಯಾಗುತ್ತಿದ್ದ ತೊಂದರೆ ಈಗ ಸ್ಕ್ಯಾನರ್ ಕೇಳುತ್ತದೆ. ಆ ಸ್ಕ್ಯಾನರ್, ಅದರ ಸಾಫ್ಟ್‌ವೇರ್, ಎರರ್ ಕೋಡಿನ ಅರ್ಥ ಎಲ್ಲ ಯಾರ ಹತ್ತಿರ ಇರಬೇಕು ಅನ್ನುವುದೇ ಈಗಿನ ಜಗಳ. ಎಲೆಕ್ಟ್ರಿಕ್ ಗಾಡಿಯಲ್ಲಿ ಇದು ಇನ್ನೂ ಹೆಚ್ಚು: ಆಯಿಲ್, ಪ್ಲಗ್ ಖರ್ಚು ಇಲ್ಲ, ಆದರೆ ಬ್ಯಾಟರಿ ಅಥವಾ ಕಂಟ್ರೋಲರ್ ಹೋದರೆ ಓಣಿಯ ಮೆಕ್ಯಾನಿಕ್ ಕೈಚೆಲ್ಲುತ್ತಾನೆ.

ಕಾರುಗಳ ವಿಷಯದಲ್ಲಿ ಈ ಜಗಳ ಒಮ್ಮೆ ತೀರ್ಪಿನವರೆಗೂ ಹೋಗಿತ್ತು. ಬಿಡಿಭಾಗ ಮತ್ತು ದೋಷಪತ್ತೆ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರ ಡಿಸೆಂಬರ್ 24ರಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳೂ ಅದರ ನಾಲ್ಕು ಕ್ಷೇತ್ರಗಳಲ್ಲಿ ಒಂದು. ಆದರೆ ಅದು ಕಂಪನಿಗಳು ತಾವಾಗಿ ಮಾಹಿತಿ ಹಾಕುವ ಜಾಗ, ಹಾಕದಿದ್ದರೆ ದಂಡ ವಿಧಿಸುವ ಕಾನೂನಲ್ಲ. ಭಾಷೆಯ ಮಾತು ಬೇರೆ. ನಾನು ಕೈಯಲ್ಲಿ ಹಿಡಿದ ಬೈಕ್ ಕೈಪಿಡಿಗಳೆಲ್ಲ ಇಂಗ್ಲಿಷಿನವು. ಚೈನ್ ಆಟ ಎಷ್ಟಿರಬೇಕು ಅನ್ನುವುದನ್ನು ಕನ್ನಡದಲ್ಲಿ ಓದುವ ಹಕ್ಕೂ ರಿಪೇರಿ ಹಕ್ಕಿನ ಭಾಗವೇ.

ಇನ್ನೊಂದು ಜಾಗ ಗಿಗ್ ಕೆಲಸ. ದಿನಕ್ಕೆ 100 ಕಿ.ಮೀ.ನಂತೆ ತಿಂಗಳಿಗೆ 26 ದಿನ ಓಡಿಸುವ ಡೆಲಿವರಿ ಹುಡುಗನ ರಿಪೇರಿ ಲೆಕ್ಕ ನಮ್ಮ ಸೂತ್ರದಲ್ಲಿ ತಿಂಗಳಿಗೆ 2,600 ರೂಪಾಯಿ. ಅವನಿಗೆ ಲೀಟರಿಗೆ 50 ಎತ್ತಿಡು ಅನ್ನುವುದು ಉಳಿತಾಯದ ಸಲಹೆ ಅಲ್ಲ, ಸಂಬಳ ಕಡಿತದ ಸಲಹೆ. ಕಂಪನಿಯ ಯಂತ್ರ ಸವೆದರೆ ಅದು ಕಂಪನಿಯ ಖರ್ಚು. ಇಲ್ಲಿ ಯಂತ್ರವೇ ಕೆಲಸಗಾರನದು. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಪ್ಲಾಟ್‌ಫಾರ್ಮುಗಳಿಂದ ಪಡೆಯುವ ದಾರಿ ಮಾಡಿತು. ಇದು ದೊಡ್ಡ ಹೆಜ್ಜೆ, ಆದರೆ ಇದರ ಗುರಿ ಸಾಮಾಜಿಕ ಭದ್ರತೆ. ಸವೆದ ಟೈರಿನ ಲೆಕ್ಕ ಇನ್ನೂ ಹುಡುಗನ ಜೇಬಿನಲ್ಲೇ ಇದೆ.

ಮೂರನೆಯದು ಬಸ್ಸು. ಗಾಡಿ ಕೆಟ್ಟ ದಿನ ಕೆಲಸಕ್ಕೆ ಹೋಗಲು ಬಸ್ಸಿದ್ದರೆ ಬಡ್ಡಿಯವನ ಹತ್ತಿರ ಅವತ್ತೇ ಓಡಬೇಕಿಲ್ಲ, ಸಂಬಳದವರೆಗೆ ಕಾಯಬಹುದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಈ ಬಲವನ್ನು ಕೊಟ್ಟಿದೆ, ಬಸ್ಸು ಓಡುವ ಕಡೆಗಳಲ್ಲಿ. ರಾತ್ರಿ ಪಾಳಿಯವರಿಗೆ, ದಿನಕ್ಕೆ ಎರಡೇ ಬಸ್ಸಿರುವ ಊರಿನವರಿಗೆ ಬೈಕು ಶೋಕಿ ಅಲ್ಲ, ಇಲ್ಲದ ಬಸ್ಸಿನ ಬದಲಿ. ಅಂಥವರ ರಿಪೇರಿ ಬಿಲ್ಲಿನಲ್ಲಿ ಸಾರಿಗೆ ನೀತಿಯ ಸೋಲೂ ಸೇರಿರುತ್ತದೆ.

ಆದ್ದರಿಂದ ಮುಂದೆ ಯಾವುದಾದರೂ ಆ್ಯಪು, ಏಜೆನ್ಸಿ ಅಥವಾ ಕಚೇರಿ ನಿಮಗೆ 'ಕಿಲೋಮೀಟರಿಗೆ ಇಷ್ಟು ಕೊಡ್ತೀವಿ' ಅಂದಾಗ ಮೊದಲು ಪೆಟ್ರೋಲ್ ಕಳೆಯಿರಿ. ಆಮೇಲೆ ಈ ಒಂದು ರೂಪಾಯಿ ಕಳೆಯಿರಿ. ಉಳಿದದ್ದಷ್ಟೇ ಕೂಲಿ. ಸಂಘ ಕಟ್ಟುವವರು, ಕಾಯ್ದೆಯ ನಿಯಮಗಳಿಗೆ ಸಲಹೆ ಬರೆಯುವವರು ಚರ್ಚೆ ಶುರು ಮಾಡಬೇಕಾದ್ದು ಆ ಅಂಕಿಯಿಂದ.